ಬೆಳ್ಳಿಯ ಮೈಬಣ್ಣ ಯಾವ ಮಣ್ಣಿನದು?



ಬಾನುಲಿಗೆ ಬಣ್ಣವಿಲ್ಲ. ಟಿ.ವಿ.ಯಲ್ಲಾಗಿದ್ದರೆ ಪರದೆಯ ಮೇಲೊಂದು ಕೆಂಪು ಚೌಕ ತೋರಿಸಿ ಕೆಲಸ ಮುಗಿಸುತ್ತಿದ್ದರು. ಇಲ್ಲಿ ನಾನು ಕೆಂಪು ಅಂದರೆ ನಿಮ್ಮಲ್ಲೊಬ್ಬರಿಗೆ ಕಣದಲ್ಲಿ ಒಣಹಾಕಿದ ಮೆಣಸಿನಕಾಯಿ ನೆನಪಾಗಬಹುದು, ಇನ್ನೊಬ್ಬರಿಗೆ ಕುಂಕುಮ, ಮತ್ತೊಬ್ಬರಿಗೆ ಬಸ್ ಸ್ಟ್ಯಾಂಡಿನ ಗೋಡೆಯ ಮೇಲಿನ ಎಲೆಯಡಿಕೆಯ ಉಗುಳು. ಕಾದಂಬರಿ ಓದುವವರ ಪಾಡೂ ಇದೇ. ಲೇಖಕ ಬರೀ ಅಕ್ಷರ ಬರೆದಿರುತ್ತಾನೆ. ಬಣ್ಣ ಹಚ್ಚುವವರು ನಾವು, ನಮ್ಮ ನಮ್ಮ ಊರಿನ ಬಣ್ಣ.

ಡಿಗ್ರಿ ತರಗತಿಯ ಹುಡುಗ ಹುಡುಗಿಯರ ಕೈಯಲ್ಲಿ ಗೈಡುಗಳನ್ನು ನೀವು ನೋಡಿರುತ್ತೀರಿ. ‘ಕಾದಂಬರಿಯಲ್ಲಿ ಬಣ್ಣಗಳ ಸಾಂಕೇತಿಕತೆಯನ್ನು ವಿವರಿಸಿ’ ಎಂಬ ಪ್ರಶ್ನೆಗೆ ಅಲ್ಲಿ ಉತ್ತರ ಸಿದ್ಧ. ಬಿಳಿ ಅಂದರೆ ಪಾವಿತ್ರ್ಯ, ಕಪ್ಪು ಅಂದರೆ ಅಜ್ಞಾನ, ಕೆಂಪು ಕಾಮ, ಹಸಿರು ಸಮೃದ್ಧಿ, ಹಳದಿ ಆಸೆ. ಈ ಪಟ್ಟಿ ಬಾಯಿಪಾಠ ಮಾಡಿಕೊಂಡರೆ ಯಾವ ಕಾದಂಬರಿಯ ಮೇಲೆ ಬೇಕಾದರೂ ನಾಲ್ಕು ಪುಟ ಬರೆಯಬಹುದು. ಒಂದೇ ಅನುಕೂಲವೆಂದರೆ ಕಾದಂಬರಿ ಓದುವ ಕಷ್ಟ ಇರುವುದಿಲ್ಲ!

ಇವತ್ತು ಈ ಪಟ್ಟಿಯನ್ನು ಒಂದೇ ಒಂದು ಕಾದಂಬರಿಗೆ ಹಚ್ಚಿ ನೋಡೋಣ. ಯು.ಆರ್. ಅನಂತಮೂರ್ತಿಯವರ ‘ಸಂಸ್ಕಾರ’, 1965ರದ್ದು. ತೀರ್ಥಹಳ್ಳಿ ಸೀಮೆಯ ಕಥೆ. ಅದನ್ನು ನಾನು ಓದಿದ್ದು ಸಂತೆಕಲ್ಲೂರಿನಲ್ಲಿ, ಮಸ್ಕಿ ಹತ್ತಿರದ ಎರೆಸೀಮೆಯಲ್ಲಿ. ಇದು ಘನಮಠ ಶಿವಯೋಗಿಗಳ ಊರು; ‘ಕೃಷಿ ಜ್ಞಾನ ಪ್ರದೀಪಿಕೆ’ ಎಂದು ಬೇಸಾಯದ ಮೇಲೆಯೇ ಗ್ರಂಥ ಬರೆದವರು ಅವರು. ಅಂಥ ಊರಿನವನು ಕಾದಂಬರಿ ಓದುವಾಗಲೂ ಮೊದಲು ಮಣ್ಣು ನೋಡಿದರೆ ಆಶ್ಚರ್ಯವಿಲ್ಲ.

ಕಥೆ ನಿಮಗೆ ಗೊತ್ತು. ದೂರ್ವಾಸಪುರ ಎಂಬ ಅಗ್ರಹಾರ. ಆಚಾರ ಬಿಟ್ಟ ನಾರಣಪ್ಪ ಶಿವಮೊಗ್ಗದಿಂದ ಜ್ವರ ಹೊತ್ತು ಬಂದು ಸಾಯುತ್ತಾನೆ. ಅವನ ಶವಸಂಸ್ಕಾರ ಯಾರು ಮಾಡಬೇಕು? ಶಾಸ್ತ್ರ ಏನು ಹೇಳುತ್ತದೆ? ವೇದಾಂತಶಿರೋಮಣಿ ಪ್ರಾಣೇಶಾಚಾರ್ಯರು ಗ್ರಂಥ ತೆರೆದು ಕೂರುತ್ತಾರೆ. ಹೆಣ ಕೊಳೆಯುತ್ತದೆ, ಇಲಿಗಳು ಬಿದ್ದು ಸಾಯುತ್ತವೆ, ಹದ್ದುಗಳು ಮಾಡಿನ ಮೇಲೆ ಬಂದು ಕೂರುತ್ತವೆ.

ಈ ಕಾದಂಬರಿ ಹುಟ್ಟಿದ ಬಗೆ ಕೇಳಿ. ಅನಂತಮೂರ್ತಿಯವರು ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮಿನಲ್ಲಿ ಪಿಎಚ್.ಡಿ.ಗೆ ಓದುತ್ತಿದ್ದ ಕಾಲ. ತಮ್ಮ ಗುರು ಮಾಲ್ಕಂ ಬ್ರಾಡ್‌ಬರಿ ಅವರ ಜೊತೆ ಸ್ವೀಡನ್ನಿನ ಇಂಗ್ಮಾರ್ ಬರ್ಗ್‌ಮನ್ನನ ‘ದಿ ಸೆವೆಂತ್ ಸೀಲ್’ ಚಿತ್ರ ನೋಡಿದರು. ಪ್ಲೇಗಿನ ಕಾಲದ ಯೂರೋಪು, ಸಾವಿನ ಜೊತೆ ಚದುರಂಗ ಆಡುವ ಒಬ್ಬ ಯೋಧ, ಸಾವಿಗೆ ಬಿಳಿ ಮುಖ, ಕರಿ ನಿಲುವಂಗಿ. ಪೂರ್ತಿ ಕಪ್ಪು ಬಿಳುಪಿನ ಚಿತ್ರ. ಆ ಗುಂಗಿನಲ್ಲಿ ಬಾಲ್ಯದ ಪ್ಲೇಗಿನ ನೆನಪು ಎದ್ದು ‘ಸಂಸ್ಕಾರ’ ಆಯಿತೆಂದು ಅವರೇ ಹೇಳಿಕೊಂಡಿದ್ದಾರೆ. ಮುಂದೆ 1970ರಲ್ಲಿ ಪಟ್ಟಾಭಿರಾಮ ರೆಡ್ಡಿಯವರು ಅದನ್ನು ಚಿತ್ರ ಮಾಡಿದರು. ಪ್ರಾಣೇಶಾಚಾರ್ಯರಾಗಿ ಗಿರೀಶ ಕಾರ್ನಾಡ, ನಾರಣಪ್ಪನಾಗಿ ಲಂಕೇಶ್, ನಾರಣಪ್ಪನ ಸಂಗಾತಿ ಚಂದ್ರಿಯಾಗಿ ಸ್ನೇಹಲತಾ ರೆಡ್ಡಿ. ಕ್ಯಾಮೆರಾ ಹಿಡಿದವರು ಆಸ್ಟ್ರೇಲಿಯಾದ ಟಾಮ್ ಕೋವನ್. ಅದೂ ಕಪ್ಪು ಬಿಳುಪೇ. ಹೀಗೆ ಹಿಂದೊಂದು ಮುಂದೊಂದು ಬಣ್ಣವಿಲ್ಲದ ಚಿತ್ರಗಳ ನಡುವೆ ನಿಂತಿರುವ ಈ ಪುಸ್ತಕ ಓದಲು ಕೂತರೆ ಕಣ್ಣಿಗೆ ಬಣ್ಣ ರಾಚುತ್ತದೆ.

ಮೊದಲು ಹಳದಿ ತೆಗೆದುಕೊಳ್ಳಿ, ಅಂದರೆ ಬಂಗಾರ. ನಾರಣಪ್ಪನ ಶವ ಮನೆಯಲ್ಲಿದೆ, ಯಾರೂ ಮುಂದೆ ಬರುತ್ತಿಲ್ಲ. ಆಗ ಅವನ ಜೊತೆ ಬಾಳಿದ ಚಂದ್ರಿ ತನ್ನ ಮೈಮೇಲಿನ ಒಡವೆ ಬಿಚ್ಚಿ ಆಚಾರ್ಯರ ಮುಂದೆ ರಾಶಿ ಹಾಕುತ್ತಾಳೆ, ಇದರಲ್ಲಿ ಅವರ ಕ್ರಿಯೆ ಮಾಡಿ ಅಂತ. ಅಲ್ಲಿಯವರೆಗೆ ‘ನಾನೊಲ್ಲೆ ನೀನೊಲ್ಲೆ’ ಎನ್ನುತ್ತಿದ್ದವರಿಗೆ ತಟ್ಟನೆ ನಾರಣಪ್ಪ ತಮ್ಮವನು ಅನ್ನಿಸತೊಡಗುತ್ತದೆ. ಗರುಡಾಚಾರ್ಯನಿಗೂ ಲಕ್ಷ್ಮಣಾಚಾರ್ಯನಿಗೂ, ಅವರಿಗಿಂತ ಮೊದಲು ಅವರವರ ಹೆಂಡಂದಿರಿಗೂ. ಗೈಡಿನವರು ಇಲ್ಲಿ ‘ಹಳದಿ ಆಸೆಯ ಸಂಕೇತ’ ಎಂದು ಅಡಿಗೆರೆ ಎಳೆಯುತ್ತಾರೆ.

ನಮ್ಮ ಪಕ್ಕದಲ್ಲೇ ಹಟ್ಟಿ ಚಿನ್ನದ ಗಣಿ ಇದೆ. ಅಲ್ಲಿ ದುಡಿದವರನ್ನು ಕೇಳಿ, ನೆಲದೊಳಗೆ ಬಂಗಾರ ಯಾವ ಬಣ್ಣ ಅಂತ. ಬೂದು ಅನ್ನುತ್ತಾರೆ. ಮೇಲೆ ಬರುವುದು ಬೂದುಗಲ್ಲು, ಅದರೊಳಗೆ ಬಿಳಿ ಬೆಣಚಿನ ಎಳೆ. ಒಂದು ಟನ್ ಕಲ್ಲು ಅರೆದು ತೊಳೆದರೆ ಸಿಗುವುದು ಕೆಲವೇ ಗ್ರಾಂ. ವರ್ಷಗಟ್ಟಲೆ ಗಣಿಗೆ ಇಳಿದವನ ಬಟ್ಟೆಗೂ ಉಗುರ ಸಂದಿಗೂ ಮೆತ್ತಿಕೊಳ್ಳುವುದು ಬೂದು ಧೂಳು. ಹಳದಿ ಕಾಣುವುದು ರಾಯಚೂರಿನ ಸರಾಫ ಅಂಗಡಿಯ ಕನ್ನಡಿಯೊಳಗೆ. (ಬಂಗಾರ ಹುಡುಕುವವರ ಭಾಗ್ಯವೂ ವಿಚಿತ್ರ. 1915ರಲ್ಲಿ ಬೀಡನ್ ಎಂಬ ಗಣಿ ಎಂಜಿನಿಯರ್ ಮಸ್ಕಿ ಗುಡ್ಡದಲ್ಲಿ ಚಿನ್ನ ಹುಡುಕುತ್ತಾ ಹೋದ. ಸಿಕ್ಕಿದ್ದು ಬಂಡೆಯ ಮೇಲೆ ಅಶೋಕನ ಹೆಸರು.) ‘ಸಂಸ್ಕಾರ’ದಲ್ಲೂ ಬಂಗಾರ ಹಳದಿಯಾಗಿ ಹೊಳೆಯುವುದು ನೋಡುವವರ ಕಣ್ಣಲ್ಲಿ. ಬಿಚ್ಚಿಟ್ಟ ಚಂದ್ರಿಗೆ ಅದು ಹೆಣಕ್ಕೆ ಬೇಕಾದ ಸೌದೆಯ ಬೆಲೆ, ಅಷ್ಟೇ. ಅದೇ ಒಡವೆ ರಾಶಿ ಒಬ್ಬಳಿಗೆ ಋಣ, ಉಳಿದವರಿಗೆ ಆಸೆ. ಒಂದೇ ಅಂಗಳದಲ್ಲಿ ಒಂದೇ ಬಣ್ಣಕ್ಕೆ ಎರಡು ಅರ್ಥ ಇರುವಾಗ ಗೈಡಿನ ಪಟ್ಟಿಗೆ ಯಾವುದನ್ನು ಬರೆಯುವುದು? ಚಿತ್ರದಲ್ಲಿ ಆ ಬಂಗಾರವೂ ಬೂದಾಗಿಯೇ ಕಾಣುತ್ತದೆ. ಹಟ್ಟಿಯವರು ನೋಡಿದರೆ ಸರಿಯಾಗಿದೆ ಅಂದಾರು. ಆ ಚಿತ್ರಕ್ಕೆ ಬಂದ ರಾಷ್ಟ್ರಪತಿ ಪದಕ ಮಾತ್ರ ಸ್ವರ್ಣದ್ದು.

ಈಗ ಬೆಳ್ಳಿಯ ಮಾತಿಗೆ ಬರುತ್ತೇನೆ. ನನ್ನನ್ನು ಈ ಕಾದಂಬರಿಯಲ್ಲಿ ಬಹಳ ಕಾಡಿದ ಬಣ್ಣ ಅವಳದು. ಅಗ್ರಹಾರದ ಹುಡುಗ ಶ್ರೀಪತಿ, ಯಕ್ಷಗಾನದ ಹುಚ್ಚಿನವನು, ಹೊಲೆಯರ ಕೇರಿಯ ಬೆಳ್ಳಿಗೆ ಮನಸೋತಿದ್ದಾನೆ. ರಾತ್ರಿ ಹೊತ್ತು ದಾರಿಯಲ್ಲಿ ಅವಳನ್ನು ನೆನೆಯುತ್ತಾ ಅವಳ ಮೈಬಣ್ಣ ಎಂಥದೆಂದು ಯೋಚಿಸುತ್ತಾನೆ. ತೀರ ಕಪ್ಪೂ ಅಲ್ಲ, ಬಿಳಿಚಿಕೊಂಡ ಬಿಳುಪೂ ಅಲ್ಲ, ಬಿತ್ತನೆಗೆ ಸಿದ್ಧವಾದ ಮಣ್ಣಿನ ಬಣ್ಣ ಎಂಬುದು ಅವನ ಯೋಚನೆಯ ಸಾರ.

ಮಣ್ಣಿನ ಬಣ್ಣ. ತೀರ್ಥಹಳ್ಳಿಯ ಓದುಗರಿಗೆ ಇದರಲ್ಲಿ ಅನುಮಾನವೇ ಬರುವುದಿಲ್ಲ. ಅಲ್ಲಿನ ಮಣ್ಣು ಜಂಬಿಟ್ಟಿಗೆಯ ಕೆಂಪು, ಮಳೆ ಬಿದ್ದರೆ ಕೆಂಗಂದು. ಓದಿದ ಕೂಡಲೇ ಹುಡುಗಿ ಕಣ್ಣೆದುರು ನಿಲ್ಲುತ್ತಾಳೆ. ನಮ್ಮಲ್ಲಿ ಓದುವವನು ‘ಯಾವ ಮಣ್ಣು?’ ಎಂದು ಕೇಳುತ್ತಾನೆ. ಎರೆಯೋ, ಕೆಂಪು ಮಸಾರಿಯೋ? ಸಂತೆಕಲ್ಲೂರಿನ ಹುಡುಗನ ತಲೆಯಲ್ಲಿ ಮಣ್ಣು ಅಂದರೆ ಎರೆ, ಎರೆ ಅಂದರೆ ಕಪ್ಪು. ಆದರೆ ಕಾದಂಬರಿ ‘ಕಪ್ಪಲ್ಲ’ ಎಂದು ಮೊದಲೇ ಹೇಳಿಬಿಟ್ಟಿದೆ! ಕಪ್ಪಲ್ಲದ ಮಣ್ಣು, ಅದೂ ಬಿತ್ತನೆಗೆ ಹದವಾದದ್ದು ಎಂದರೆ ಅವನಿಗೆ ತೊಡಕಾಗುತ್ತದೆ. ಗುಡ್ಡದ ಬುಡದ ಮಸಾರಿ ಇರಬಹುದು ಎಂದುಕೊಂಡು ಮುಂದೆ ಓದುತ್ತಾನೆ. ಹಾಗಾಗಿ ಅವನ ಬೆಳ್ಳಿ ಶ್ರೀಪತಿಯ ಬೆಳ್ಳಿಗಿಂತ ಬಡವಿ. ಮಸಾರಿ ಹೊಲದವಳು, ಶೇಂಗಾ ಸಜ್ಜೆ ಬೆಳೆಯುವವಳು.

ಎರೆಯ ಕಪ್ಪನ್ನು ಹತ್ತಿರದಿಂದ ನೋಡಿದವರಿಗೆ ಅದು ಒಂದೇ ಬಣ್ಣ ಅಲ್ಲ ಎಂದು ಗೊತ್ತು. ಬೇಸಿಗೆಯಲ್ಲಿ ಅದು ಬೂದಿ ಬಣ್ಣಕ್ಕೆ ತಿರುಗುತ್ತದೆ, ಕೈ ಇಳಿಯುವಷ್ಟು ಬಿರುಕು ಬಿಡುತ್ತದೆ. ಕಾಲಿಟ್ಟರೆ ಹೆಂಟೆ ಕಲ್ಲಿನ ಹಾಗೆ ಚುಚ್ಚುತ್ತದೆ. ದೊಡ್ಡ ಮಳೆ ಬಿದ್ದ ಮರುದಿನ ಅದೇ ಹೊಲ ಕಾಡಿಗೆ. ಹೊಲದ ನಡುವೆ ನಾಲ್ಕು ಹೆಜ್ಜೆ ಹೋದರೆ ಚಪ್ಪಲಿಯ ಕೆಳಗೆ ಇನ್ನೊಂದು ಚಪ್ಪಲಿ ಬೆಳೆದಿರುತ್ತದೆ. ಒಂದು ಮುಷ್ಟಿ ತೆಗೆದು ಹಿಸುಕಿದರೆ ಬೆರಳ ಸಂದಿಯಿಂದ ಜಾರಿ ಬರುತ್ತದೆ, ಒಳಗೆ ಅಲ್ಲೊಂದು ಇಲ್ಲೊಂದು ಬಿಳಿ ಸುಣ್ಣದ ಹರಳು. ಸೀಗಿ ಹುಣ್ಣಿಮೆಯ ಹೊತ್ತಿಗೆ ಬಿತ್ತಿದರೆ ಮುಂದೆ ಮಳೆಯಿಲ್ಲದೆ ಬರೀ ತೇವ ಮತ್ತು ಇಬ್ಬನಿಯ ಮೇಲೆ ಬಿಳಿಜೋಳ ಬರುತ್ತದೆ, ಕಡಲೆ ಬರುತ್ತದೆ, ಹತ್ತಿ ಬಿರಿಯುತ್ತದೆ. ಇಂಥ ಊರಿನಲ್ಲಿ ಕೂತು ‘ಕಪ್ಪು ಅಜ್ಞಾನದ ಸಂಕೇತ’ ಎಂದು ಪಾಠ ಮಾಡಿದರೆ ಹಿಂದಿನ ಬೆಂಚಿನ ರೈತರ ಮಕ್ಕಳು ನಗದೆ ಇರುತ್ತಾರೆಯೇ? ಹೊಲ ಕೊಳ್ಳುವಾಗ ಅವರಪ್ಪ ಮೊದಲು ಕೇಳುವುದೇ ಎಷ್ಟು ಕಪ್ಪಿದೆ, ಎಷ್ಟು ಆಳ ಇದೆ ಎಂದು.

ಬಿಳಿಯ ಮಾತಂತೂ ನಮ್ಮಲ್ಲಿ ಇನ್ನೂ ತಲೆಕೆಳಗು. 1953ರಲ್ಲಿ ತುಂಗಭದ್ರಾ ಅಣೆಕಟ್ಟೆ ಮುಗಿಯಿತು. ಎಡದಂಡೆ ಕಾಲುವೆ ಬಂತು, ಸಿಂಧನೂರಿನ ಕಡೆ ಜೋಳದ ಹೊಲಗಳು ಭತ್ತದ ಗದ್ದೆಗಳಾದವು, ವಲಸೆ ಬಂದ ರೈತರ ಕ್ಯಾಂಪುಗಳು ಎದ್ದವು. ಕಣ್ಣು ಹಾಯುವಷ್ಟು ದೂರ ಹಸಿರು. ಎರೆ ಮಣ್ಣು ನೀರನ್ನು ಬೇಗ ಬಿಟ್ಟುಕೊಡುವುದಿಲ್ಲ. ವರ್ಷಾನುಗಟ್ಟಲೆ ನೀರು ನಿಂತಲ್ಲಿ ಒಳಗಿನ ಉಪ್ಪು ಮೇಲೆ ಬಂದು ನೆಲ ಸವಳಾಯಿತು. ಸವಳು ಹಿಡಿದ ಹೊಲವನ್ನು ಬೆಳಗಿನ ಬಿಸಿಲಲ್ಲಿ ನೋಡಿ, ಹಿಟ್ಟು ಚೆಲ್ಲಿದ ಹಾಗೆ ಬೆಳ್ಳಗೆ ಇರುತ್ತದೆ. ಅಲ್ಲಿ ಏನೂ ಬೆಳೆಯುವುದಿಲ್ಲ. ಈ ಸೀಮೆಯ ರೈತನಿಗೆ ಬಿಳಿ ಎಂದರೆ ಒಂದು ಬಗೆಯಲ್ಲಿ ಬಿಳಿಜೋಳದ ತೆನೆ, ಇನ್ನೊಂದು ಬಗೆಯಲ್ಲಿ ಸತ್ತ ನೆಲ. ಅಮೆರಿಕದ ಹರ್ಮನ್ ಮೆಲ್ವಿಲ್ 1851ರಲ್ಲಿ ಬರೆದ ‘ಮೋಬಿ ಡಿಕ್’ ಕಾದಂಬರಿಯಲ್ಲಿ ಬಿಳುಪು ಯಾಕೆ ಮನುಷ್ಯನನ್ನು ಹೆದರಿಸುತ್ತದೆ ಎಂಬುದಕ್ಕೇ ಒಂದು ಪೂರ್ತಿ ಅಧ್ಯಾಯ ಮೀಸಲಿಟ್ಟಿದ್ದಾನೆ. ಬಿಳಿ ತಿಮಿಂಗಿಲದ ಕಥೆ ಅದು. ಮಕ್ಕಳಿಗೆ ಆ ಅಧ್ಯಾಯ ಪಾಠ ಮಾಡುವ ಮೊದಲು ಸವಳು ಹೊಲ ತೋರಿಸಿದರೆ ಅರ್ಧ ಕೆಲಸ ಆದಂತೆ.

ಹಸಿರಿನದೂ ಇಷ್ಟೇ. ಬಳೆಗಾರನ ಹತ್ತಿರ ಹಸಿರು ಬಸಿರಿನ ಸುದ್ದಿ, ದರ್ಗಾದಲ್ಲಿ ಹಸಿರು ಚಾದರ, 1980ರಿಂದೀಚೆಗೆ ಹೆಗಲ ಮೇಲೆ ಹಸಿರು ಟವೆಲ್ ಕಂಡರೆ ರೈತ ಸಂಘ. ಸಾಕು, ಮುಂದೆ ಹೋಗೋಣ.

ಇಷ್ಟು ಹೇಳಿದ್ದಕ್ಕೆ ‘ಹಾಗಾದರೆ ಬಣ್ಣಕ್ಕೆ ಅರ್ಥವೇ ಇಲ್ಲವೇ, ಅವರವರಿಗೆ ತೋಚಿದ್ದೇ ಅರ್ಥವೇ?’ ಎಂದು ಯಾರಾದರೂ ಕೇಳಬಹುದು. ಹಾಗಲ್ಲ. ಕಾದಂಬರಿ ತನ್ನೊಳಗೆ ತಾನೇ ಲೆಕ್ಕ ಇಟ್ಟಿರುತ್ತದೆ, ಅದನ್ನು ಹುಡುಕಬೇಕು. ಕೆಂಪನ್ನೇ ನೋಡಿ. ಗೈಡಿನ ಪ್ರಕಾರ ಕೆಂಪು ಎಂದರೆ ಕಾಮ. ‘ಸಂಸ್ಕಾರ’ದಲ್ಲಿ ಆಚಾರ್ಯರು ಚಂದ್ರಿಯನ್ನು ಕೂಡುವುದು ಕಾಡಿನ ಕತ್ತಲಲ್ಲಿ. ಮಾರುತಿಯ ಗುಡಿಯಲ್ಲಿ ದಿನವಿಡೀ ಕೂತು ದೇವರು ಪ್ರಸಾದ ಕೊಡದೆ ಸೋತು ಬರುವ ದಾರಿಯಲ್ಲಿ. ಅಲ್ಲಿ ಕಣ್ಣಿಗೆ ಕೆಲಸವೇ ಇಲ್ಲ. ಮೈಯ ಸ್ಪರ್ಶ ಇದೆ, ಅವಳು ಸೆರಗಿನಲ್ಲಿ ಕಟ್ಟಿ ತಂದ ಬಾಳೆಹಣ್ಣಿನ ರುಚಿ ಇದೆ, ಹುಲ್ಲಿನ ವಾಸನೆ ಇದೆ. ಬಣ್ಣ ಇಲ್ಲ. ಬದುಕೆಲ್ಲ ಗ್ರಂಥದ ಅಕ್ಷರ ನೋಡಿದ ಮನುಷ್ಯನಿಗೆ ಕಣ್ಣು ಕಾಣದ ಹೊತ್ತಿನಲ್ಲಿ ಲೋಕ ಮೊದಲ ಸಲ ಕೈಗೆ ಸಿಗುತ್ತದೆ. ಕತ್ತಲೆ ಎಂದರೆ ಅಜ್ಞಾನ ಎನ್ನುವವರು ಈ ಪುಟಗಳನ್ನು ಇನ್ನೊಮ್ಮೆ ಓದಬೇಕು. ಹಗಲಲ್ಲಿ ಅಗ್ರಹಾರ ಬರೀ ಚರ್ಚೆ ಮಾಡುತ್ತದೆ. ಕೊನೆಗೆ ನಾರಣಪ್ಪನ ಹೆಣ ಸುಡುವ ಕೆಲಸವೂ ಆಗುವುದು ರಾತ್ರಿಯೇ, ಚಂದ್ರಿ ಹೋಗಿ ಮೀನಿನ ವ್ಯಾಪಾರದ ಅಹ್ಮದ್ ಬ್ಯಾರಿಯನ್ನು ಕರೆತಂದು ಗುಟ್ಟಾಗಿ ಮುಗಿಸುತ್ತಾಳೆ. ಶಾಸ್ತ್ರ ಹುಡುಕುತ್ತಿರುವ ಆಚಾರ್ಯರಿಗೆ ಅದು ಗೊತ್ತೇ ಆಗುವುದಿಲ್ಲ.

ಹಾಗಾದರೆ ಈ ಪುಸ್ತಕದಲ್ಲಿ ಕೆಂಪು ಎಲ್ಲಿದೆ? ಬೆಂಕಿಯಲ್ಲಿದೆ. ಅಗ್ರಹಾರದವರು ತಮ್ಮ ಒಂದು ಹೆಣಕ್ಕೆ ಬೆಂಕಿ ಕಾಣಿಸಲಾಗದೆ ಒದ್ದಾಡುತ್ತಿರುವಾಗ, ಕೇರಿಯವರು ಸತ್ತವರನ್ನು ಗುಡಿಸಲಲ್ಲೇ ಬಿಟ್ಟು ಗುಡಿಸಲಿಗೇ ಬೆಂಕಿ ಇಡುತ್ತಾರೆ. ಯಾರನ್ನೂ ಕೇಳಲಿಲ್ಲ, ಗ್ರಂಥ ತೆರೆಯಲಿಲ್ಲ. ಮೊದಲ ಬೆಂಕಿ ಅವರದು. ಎರಡನೆಯದು ಅಹ್ಮದ್ ಬ್ಯಾರಿ ಹಚ್ಚಿದ್ದು. ಮೂರನೆಯದು ಆಚಾರ್ಯರೇ ತಮ್ಮ ಹೆಂಡತಿ ಭಾಗೀರಥಿಗೆ ಇಟ್ಟದ್ದು, ಅದು ಮುಗಿದ ಮೇಲೆ ಅವರು ಊರು ಬಿಟ್ಟು ನಡೆಯುತ್ತಾರೆ. ಪುಸ್ತಕದ ಹೆಸರು ಕೇಳುವ ಪ್ರಶ್ನೆಗೆ ಉತ್ತರ ಈ ಮೂರು ಬೆಂಕಿಗಳಲ್ಲಿದೆ. ಜಾತಿಯ ಏಣಿಯಲ್ಲಿ ಕೆಳಗಿದ್ದವರಿಗೇ ಅದು ಮೊದಲು ಹೊಳೆದಿದೆ. ಆಮೇಲೆ ಕೆಂಪು ಇನ್ನೊಮ್ಮೆ ಬರುತ್ತದೆ, ಮೇಳಿಗೆಯ ತೇರಿನ ಜನಜಂಗುಳಿಯಲ್ಲಿ. ಮೇಳಿಗೆ ಅನಂತಮೂರ್ತಿಯವರು ಹುಟ್ಟಿದ ಊರೇ. ಸೋಡಾ, ಬೊಂಬಾಯಿ ಪೆಟ್ಟಿಗೆ, ದೊಂಬರಾಟ, ಕೋಳಿ ಅಂಕ. ಕಾಲಿಗೆ ಕತ್ತಿ ಕಟ್ಟಿದ ಹುಂಜಗಳು ರೆಕ್ಕೆ ಕೆದರಿ ಹಾರಿ ಬೀಳುವುದನ್ನು, ಸುತ್ತ ನಿಂತವರ ಕಣ್ಣುಗಳನ್ನು ನೋಡಿ ಆಚಾರ್ಯರು ನಡುಗುತ್ತಾರೆ. ರಕ್ತದ ಆ ಕೆಂಪಿನಲ್ಲಿ ಕಾಮ ಎಲ್ಲಿದೆ? ಇರುವುದು ಭಯ, ಇಷ್ಟು ದಿನ ತಾನು ನೋಡದೆ ಬಿಟ್ಟ ಲೋಕದ ಭಯ. ಅದೇ ಜಾತ್ರೆ, ಅದೇ ಅಂಕ ದಾರಿಯಲ್ಲಿ ಆಚಾರ್ಯರಿಗೆ ಜೊತೆಯಾದ ಮಾಲೇರ ಪುಟ್ಟನಿಗೆ ಖುಷಿಯ ಮಾಲು.

ಹೂವಿನ ಬಿಳುಪಿಗೂ ಕಾದಂಬರಿ ಇಂಥದೇ ಲೆಕ್ಕ ಇಟ್ಟಿದೆ. ಅಗ್ರಹಾರದ ಹಿತ್ತಿಲುಗಳಲ್ಲಿ ಅರಳುವ ಹೂವೆಲ್ಲ ದೇವರಿಗೆ. ಹೆಂಗಸರ ಮುಡಿಗೆ ಬರುವುದು ಪೂಜೆಯಾಗಿ ಬಾಡಿದ್ದು. ನಾರಣಪ್ಪನ ಅಂಗಳದ ರಾತ್ರಿರಾಣಿ ಮಾತ್ರ ಚಂದ್ರಿಯ ಮುಡಿಗೆ. ಹೂವು ಯಾರನ್ನು ಮುಟ್ಟಿ ಯಾರಿಗೆ ಬಂತು ಎಂಬುದರ ಮೇಲೆ ಅದು ಪವಿತ್ರವೋ ಪಾಪವೋ ತೀರ್ಮಾನ ಆಗುತ್ತದೆ.

ಹೊರಗಿನದೊಂದು ಉದಾಹರಣೆ ಕೊಡದೆ ಇರಲಾರೆ, ಏಕೆಂದರೆ ಬಣ್ಣದ ಗೈಡುಗಳ ಕಾಟ ಎಲ್ಲಕ್ಕಿಂತ ಹೆಚ್ಚಿರುವುದು ಆ ಕಾದಂಬರಿಗೆ. ಅಮೆರಿಕದ ಸ್ಕಾಟ್ ಫಿಟ್ಜೆರಾಲ್ಡ್ 1925ರಲ್ಲಿ ಬರೆದ ‘ದಿ ಗ್ರೇಟ್ ಗ್ಯಾಟ್ಸ್‌ಬಿ’. ಅದರಲ್ಲಿ ಕೊಲ್ಲಿಯ ಆಚೆ ದಡದಲ್ಲಿ ಒಂದು ಹಸಿರು ದೀಪ. ಗ್ಯಾಟ್ಸ್‌ಬಿ ಅದನ್ನೇ ನೋಡುತ್ತಾ ನಿಲ್ಲುತ್ತಾನೆ, ಆ ದಡದಲ್ಲಿ ಅವನು ಪ್ರೀತಿಸಿದವಳ ಮನೆ. ಹಸಿರು ಎಂದರೆ ಆಸೆ ಎಂದು ಲೋಕದ ಮಕ್ಕಳೆಲ್ಲ ಪರೀಕ್ಷೆಯಲ್ಲಿ ಬರೆಯುತ್ತಾರೆ. ನನಗೆ ಅದಕ್ಕಿಂತ ಹಿಡಿಸುವುದು ಅವನ ಕಾರು. ಕಥೆ ಹೇಳುವವನು ಮೊದಲು ಅದನ್ನು ಕೆನೆ ಬಣ್ಣದ್ದು ಅನ್ನುತ್ತಾನೆ. ಮುಂದೆ ಆ ಕಾರು ಒಬ್ಬ ಹೆಂಗಸಿನ ಮೇಲೆ ಹಾಯುತ್ತದೆ. ಸ್ಥಳದಲ್ಲಿದ್ದವನೊಬ್ಬ ಪೊಲೀಸನಿಗೆ ಹೇಳುತ್ತಾನೆ, ತಿಳಿ ಹಸಿರು ಕಾರು ಅಂತ. ದಾರಿಹೋಕನೊಬ್ಬ ಬಂದು, ಇಲ್ಲ ಹಳದಿ ಕಾರು ಅನ್ನುತ್ತಾನೆ. ಕಾರು ಒಂದೇ. ಅದನ್ನು ಮೆಚ್ಚಿ ನೋಡಿದವನ ಕಣ್ಣಲ್ಲಿ ಒಂದು ಬಣ್ಣ, ಮಬ್ಬಿನಲ್ಲಿ ಗಾಬರಿಗೊಂಡವನ ಕಣ್ಣಲ್ಲಿ ಇನ್ನೊಂದು. ಫಿಟ್ಜೆರಾಲ್ಡ್ ಇದನ್ನು ಬೇಕೆಂದೇ ಮಾಡಿದನೆಂದು ನನ್ನ ನಂಬಿಕೆ.

ಕಣ್ಣು ಯಾರದು ಎಂಬ ಈ ಪ್ರಶ್ನೆಯನ್ನೇ ಬೆಳ್ಳಿಯ ಹತ್ತಿರ ತರುತ್ತೇನೆ. ಮಣ್ಣಿನ ಬಣ್ಣದವಳು ಎಂದವನು ಶ್ರೀಪತಿ. ಅವನು ಅಗ್ರಹಾರದವನು, ಅವನ ಕಾಲಿಗೆ ಗದ್ದೆಯ ಕೆಸರು ಹತ್ತಿದ್ದಿಲ್ಲ. ಉತ್ತು, ನಟ್ಟು, ಕೊಯ್ದು ಕೊಡುವವರು ಬೇರೆ. ನೆಲವನ್ನು ಹದವಾಗಿ, ಬಿತ್ತನೆಗೆ ಸಿದ್ಧವಾಗಿ ಕಾಣುವುದು ದೂರ ನಿಂತವನ ಕಣ್ಣು. ನಮ್ಮಲ್ಲಿ ಸದೆ ತೆಗೆಯುವ, ಹತ್ತಿ ಬಿಡಿಸುವ ಹೆಣ್ಣುಮಕ್ಕಳಿಗೆ ಮಣ್ಣು ಎಂದರೆ ಹಿಮ್ಮಡಿಯ ಬಿರುಕಿನಲ್ಲಿ ಕೂತು ಸಂಜೆ ಬಿಸಿನೀರಿಗೂ ಬಿಡದ ಕಪ್ಪು ಗೆರೆ. ಅವರು ಯಾರ ಮೈಯನ್ನೂ ಮಣ್ಣಿಗೆ ಹೋಲಿಸಿ ಹಾಡಿದ್ದನ್ನು ನಾನು ಕೇಳಿಲ್ಲ. ಅನಂತಮೂರ್ತಿಯವರು ಈ ದೂರವನ್ನು ಬಲ್ಲವರೇ. ಅದಕ್ಕೇ ಆ ವರ್ಣನೆಯನ್ನು ಶ್ರೀಪತಿಯ ತಲೆಯೊಳಗೆ ಇಟ್ಟಿದ್ದಾರೆ, ತಮ್ಮ ಬಾಯಿಂದ ಹೇಳಿಲ್ಲ. ಆದರೂ ಒಂದು ಆಕ್ಷೇಪಣೆ ನನಗೆ ಇದೆ. ಶ್ರೀಪತಿ ಬೆಳ್ಳಿಯನ್ನು ನೋಡುವುದಕ್ಕೆ ಕಾದಂಬರಿ ಬೇಕಾದಷ್ಟು ಜಾಗ ಕೊಟ್ಟಿದೆ. ಬೆಳ್ಳಿ ಶ್ರೀಪತಿಯನ್ನು ನೋಡಿದ್ದಕ್ಕೆ ಅಷ್ಟು ಜಾಗ ಕೊಟ್ಟಿಲ್ಲ. ಸ್ನಾನ ಸಂಧ್ಯಾವಂದನೆಯ, ಬಿಸಿಲು ಕಾಣದ ಆ ಹುಡುಗನ ಮೈ ಅವಳ ಕಣ್ಣಿಗೆ ಯಾವ ಬಣ್ಣವಾಗಿ ಕಂಡಿತ್ತೋ! ಅವಳ ಕೇರಿಯಲ್ಲಿ ಹೆಣಗಳ ಜೊತೆ ಗುಡಿಸಲು ಉರಿದ ರಾತ್ರಿ ಆ ಬೆಂಕಿ ಅವಳಿಗೆ ಹೇಗೆ ಕಂಡಿತ್ತೋ!

ಮುಂದೆ ಕನ್ನಡದಲ್ಲಿ ದೇವನೂರ ಮಹಾದೇವರ ‘ಒಡಲಾಳ’ದಂಥ ಬರಹ ಬಂದು ಕೇರಿಯ ಒಳಗಿನ ಕಣ್ಣಿನಿಂದ ಲೋಕ ನೋಡಿತು. ಅಲ್ಲಿ ಗುಡಿಸಲ ಗೋಡೆಯ ಮೇಲೆ ಒಂದು ಬಣ್ಣದ ನವಿಲು ಅರಳುತ್ತದೆ. ಓದದವರು ಓದಿ. ನವಿಲು ಯಾತರ ಸಂಕೇತ ಎಂದು ಗೈಡಿನಲ್ಲಿ ಹುಡುಕುವ ಮೊದಲು, ಅದನ್ನು ಬರೆದ ಕೈ ಯಾರದು, ಆ ಮನೆಯಲ್ಲಿ ಆ ಹೊತ್ತು ಉಣ್ಣಲು ಏನಿತ್ತು, ಅಷ್ಟು ನೋಡಿಕೊಳ್ಳಿ.